ಜಿಸಿ ಲಾಗ್‌ನ ಗ್ರಾಫ್ ಬಿಡಿಸಿದೆ: ಹಲ್ಲಿನ ತುದಿ ನೋಡಬೇಕೋ, ಬುಡ ನೋಡಬೇಕೋ?

ಮಳೆಗಾಲ · ಸೋಮವಾರ ರಾತ್ರಿ 9:40

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದು ಸರ್ವಿಸ್ ನನ್ನ ನಿದ್ದೆ ಕೆಡಿಸಿದೆ. ಜಾವಾ 17, ಸ್ಪ್ರಿಂಗ್ ಬೂಟ್ 2.7, ಡೇಟಾಬೇಸ್ ಜೊತೆ ಮಾತಾಡಲು ಹೈಬರ್ನೇಟ್ 5, ಬೇಡವಾದ ಮೆಮೊರಿ ಗುಡಿಸಲು ಜಿ1 ಕಲೆಕ್ಟರ್, ಹೀಪ್ (ಆಬ್ಜೆಕ್ಟ್‌ಗಳು ಇರುವ ಮೆಮೊರಿ) 4 ಜಿಬಿ, ಎರಡು ಸಿಪಿಯು. ಪಾರ್ಸೆಲ್ ಬುಕಿಂಗ್ ಮತ್ತು ಅದರ ಲೆಕ್ಕಪತ್ರ ನೋಡಿಕೊಳ್ಳುವ ಅಪ್ಲಿಕೇಶನ್. ರೀಸ್ಟಾರ್ಟ್ ಮಾಡಿದ ಮೇಲೆ ಎರಡು ದಿನ ಚೆನ್ನಾಗಿ ಓಡುತ್ತದೆ. ಮೂರನೇ ದಿನದಿಂದ ಮಧ್ಯಾಹ್ನದ ಹೊತ್ತಿಗೆ ಕೆಲವು ರಿಕ್ವೆಸ್ಟ್‌ಗಳು ಎರಡು ಮೂರು ಸೆಕೆಂಡ್ ಹಿಡಿಯುತ್ತವೆ. ಐದನೇ ದಿನ ಯಾರೋ ಒಬ್ಬರು ರೀಸ್ಟಾರ್ಟ್ ಮಾಡುತ್ತಾರೆ, ಮತ್ತೆ ಮೊದಲಿನಿಂದ ಶುರು.

ಡ್ಯಾಶ್‌ಬೋರ್ಡ್‌ನಲ್ಲಿ ಹೀಪ್ ಬಳಕೆಯ ಗೆರೆ 30%ರಿಂದ 90%ವರೆಗೆ ಅಡ್ಡಾದಿಡ್ಡಿ ಓಡಾಡುತ್ತಿರುತ್ತದೆ. ಟೀಮಿನಲ್ಲಿ ಒಬ್ಬರು ‘ಲೀಕ್ ಇದೆ’, ಅಂದರೆ ಬೇಡವಾದ ಮೆಮೊರಿ ಬಿಡುಗಡೆ ಆಗುತ್ತಿಲ್ಲ ಅನ್ನುತ್ತಾರೆ. ಇನ್ನೊಬ್ಬರು ‘ಜಾವಾ ಇರೋದೇ ಹಾಗೆ, ಕೊಟ್ಟಷ್ಟೂ ಮೆಮೊರಿ ತಿನ್ನುತ್ತೆ’ ಅನ್ನುತ್ತಾರೆ. ಇಬ್ಬರಲ್ಲಿ ಯಾರ ಮಾತು ಸರಿ ಎಂದು ಹೇಳಲು ನನ್ನ ಹತ್ತಿರ ಆಧಾರವಿಲ್ಲ.

ಹಾಗಾಗಿ ನಿನ್ನೆ ಮೊದಲ ಸಲ ಜಿಸಿ (ಗಾರ್ಬೇಜ್ ಕಲೆಕ್ಷನ್, ಅಂದರೆ ಮೆಮೊರಿಯ ಕಸ ಗುಡಿಸುವ ಕೆಲಸ) ಲಾಗ್ ಆನ್ ಮಾಡಿದೆ. ಎಕ್ಸ್‌ಲಾಗ್ ಆಯ್ಕೆಗೆ ‘ಜಿಸಿ*’ ಟ್ಯಾಗ್ ಕೊಟ್ಟು ಫೈಲಿಗೆ ಬರೆಸಿದೆ. ಸಾವಿರಾರು ಸಾಲು ಬಂದಿವೆ, ಹೀಗೆ:

ಪಾಸ್ ಯಂಗ್ ನಾರ್ಮಲ್, ಜಿ1 ಇವ್ಯಾಕ್ಯುಯೇಷನ್ ಪಾಸ್, 2610ಎಂ->1190ಎಂ, ಒಟ್ಟು 4096ಎಂ, 38.4 ಎಂಎಸ್

ಇದನ್ನು ಚಿತ್ರ ಮಾಡಬೇಕು ಅಂತ ಗೊತ್ತು. ಯಾವ ಚಿತ್ರ, ಅದರಲ್ಲಿ ಏನು ನೋಡಬೇಕು ಅನ್ನುವುದು ಗೊತ್ತಿಲ್ಲ. ದಾರಿ ತೋರಿಸಿ.

ಕಾಫಿಲೋಟ · ಸೋಮವಾರ ರಾತ್ರಿ 10:25

ಒಳ್ಳೆ ಕೆಲಸ ಮಾಡಿದಿರಿ. ಜಿಸಿ ಲಾಗ್ ಬರೆಸುವುದಕ್ಕೆ ತಗಲುವ ಖರ್ಚು ತೀರಾ ಕಡಿಮೆ. ನಾನು ಪ್ರೊಡಕ್ಷನ್‌ನಲ್ಲಿ ಅದನ್ನು ಯಾವತ್ತೂ ಆಫ್ ಮಾಡುವುದಿಲ್ಲ.

ಮೊದಲು ಆ ಒಂದು ಸಾಲನ್ನೇ ಸರಿಯಾಗಿ ಓದೋಣ. ಕಸ ಗುಡಿಸುವ ಮುಂಚೆ ಹೀಪಿನಲ್ಲಿ 2610 ಎಂಬಿ ಇತ್ತು, ಗುಡಿಸಿದ ಮೇಲೆ 1190 ಉಳಿಯಿತು. ಆ 38 ಮಿಲಿಸೆಕೆಂಡ್ ನಿಮ್ಮ ಅಪ್ಲಿಕೇಶನ್‌ನ ಎಲ್ಲ ಥ್ರೆಡ್‌ಗಳೂ ನಿಂತಿದ್ದವು, ‘ಪಾಸ್’ ಅಂದರೆ ಆ ನಿಲುಗಡೆ. ಗ್ರಾಫಿಗೆ ಬೇಕಾದದ್ದು ಇಷ್ಟೇ: ಸಮಯ, ಮುಂಚಿನ ಅಂಕಿ, ನಂತರದ ಅಂಕಿ, ನಿಂತ ಹೊತ್ತು.

ಮುಂಚೆ-ನಂತರ ಎರಡನ್ನೂ ಗೆರೆಯಿಂದ ಸೇರಿಸಿದರೆ ಗರಗಸದ ಹಲ್ಲಿನ ಹಾಗೆ ಕಾಣುತ್ತದೆ. ಎಲ್ಲರ ಕಣ್ಣೂ ಹೋಗುವುದು ಹಲ್ಲಿನ ತುದಿಗೆ. ಆದರೆ ತುದಿ ಹೇಳುವುದು ಕಲೆಕ್ಟರ್ ಯಾವಾಗ ಪೊರಕೆ ಕೈಗೆತ್ತಿಕೊಂಡಿತು ಅನ್ನುವುದನ್ನು ಮಾತ್ರ. ನಿಮ್ಮ ಅಪ್ಲಿಕೇಶನ್‌ಗೆ ನಿಜಕ್ಕೂ ಎಷ್ಟು ಮೆಮೊರಿ ಬೇಕು ಅನ್ನುವುದು ಹಲ್ಲಿನ ಬುಡದಲ್ಲಿದೆ. ಪೂರ್ತಿ ಗುಡಿಸಿದ ಮೇಲೂ ಉಳಿಯುವುದೇ ನಿಜವಾಗಿ ಬಳಕೆಯಲ್ಲಿರುವುದು. ಹೀಪ್ 4 ಜಿಬಿ ಇದ್ದಾಗ 90% ತುಂಬುವುದು ಕಾಯಿಲೆಯಲ್ಲ. ಗುಡಿಸಿದ ಮೇಲೂ 90% ಇದ್ದರೆ ಕಾಯಿಲೆ.

ನಾನು ಹೊಸಬರಿಗೆ ಹೇಳಿಕೊಡುವುದು ಮನೆಯ ಲೆಕ್ಕದಲ್ಲಿ. ಯಂಗ್ ಭಾಗ ಅಂದರೆ ಅಂಗಳ. ದಿನವೂ ಕಸ ಬೀಳುತ್ತದೆ, ದಿನವೂ ಗುಡಿಸುತ್ತೇವೆ, ಐದು ನಿಮಿಷದ ಕೆಲಸ. ಓಲ್ಡ್ ಭಾಗ ಅಂದರೆ ಅಟ್ಟ. ಅಂಗಳದಲ್ಲಿ ಎಷ್ಟು ಸಲ ಗುಡಿಸಿದರೂ ‘ಇದು ಬೇಕು’ ಅಂತ ಉಳಿದ ಸಾಮಾನು ಕೊನೆಗೆ ಅಟ್ಟ ಸೇರುತ್ತದೆ. ಜಿ1ನಲ್ಲಿ ಒಂದು ವಸ್ತು ಹೆಚ್ಚೆಂದರೆ 15 ಸಲ ಗುಡಿಸುವಿಕೆ ದಾಟುವವರೆಗೆ ಕೆಳಗಿರುತ್ತದೆ. ಜಾಗ ಸಾಲದಿದ್ದರೆ ಅದಕ್ಕೂ ಬೇಗ ಮೇಲೆ ಹೋಗುತ್ತದೆ. ಅಟ್ಟಕ್ಕೆ ಹೋದದ್ದನ್ನು ಯಾರೂ ದಿನಾ ಇಳಿಸಿ ನೋಡುವುದಿಲ್ಲ.

ನಿಮ್ಮ ಡ್ಯಾಶ್‌ಬೋರ್ಡ್ ಬಗ್ಗೆಯೂ ಒಂದು ಮಾತು. ಅದು 15 ಸೆಕೆಂಡಿಗೋ ಒಂದು ನಿಮಿಷಕ್ಕೋ ಒಮ್ಮೆ ಹೀಪ್ ಎಷ್ಟಿದೆ ಎಂದು ಕೇಳುತ್ತದೆ. ನಿಮ್ಮ ಲಾಗ್ ಪ್ರಕಾರ ಜಿಸಿ ನಾಲ್ಕೈದು ಸೆಕೆಂಡಿಗೊಮ್ಮೆ ಆಗುತ್ತಿರಬಹುದು. ಅಂದರೆ ಅದು ಹಲ್ಲಿನ ಯಾವ ಜಾಗಕ್ಕೆ ಬಂದು ಚುಕ್ಕೆ ಇಡುತ್ತದೋ ಹೇಳಲಾಗದು. ಒಮ್ಮೆ ತುದಿ, ಒಮ್ಮೆ ಬುಡ, ಒಮ್ಮೆ ನಡು. ಆ ಚುಕ್ಕೆಗಳನ್ನು ಸೇರಿಸಿದರೆ ಇಲ್ಲದ ಏರಿಳಿತ ಕಾಣಿಸುತ್ತದೆ. ಆ ಗೆರೆ ನೋಡಿ ಲೀಕ್ ಇದೆ ಅಂತಲೂ ಹೇಳಬಾರದು, ಇಲ್ಲ ಅಂತಲೂ ಹೇಳಬಾರದು. ಲಾಗಿನಲ್ಲಾದರೆ ಪ್ರತಿ ಗುಡಿಸುವಿಕೆಯೂ ದಾಖಲಾಗಿರುತ್ತದೆ, ಒಂದೂ ತಪ್ಪುವುದಿಲ್ಲ.

ಜೋಳದರೊಟ್ಟಿ · ಸೋಮವಾರ ರಾತ್ರಿ 11:05

ಚಿತ್ರ ತಗಿಯೋದು ಹೆಂಗ ಅಂತ ನಾ ಹೇಳ್ತೀನ್ರಿ. ಲಾಗ್ ಒಳಗ ‘ಪಾಸ್’ ಅಂತ ಇರೋ, ಬಾಣದ ಗುರುತು ಇರೋ ಸಾಲು ಅಷ್ಟ ಹೆಕ್ಕಿ ತಗೀರಿ. ಆಕ್ ಅನ್ನೋ ಕಮಾಂಡ್‌ದಾಗ ಒಂದ ಸಾಲಿನಾಗ ಮುಗೀತದ. ಅಪ್‌ಟೈಮ್, ಮುಂಚೆ, ನಂತರ, ಮಿಲಿಸೆಕೆಂಡ್ ಅಂತ ನಾಲ್ಕು ಕಾಲಂ ಮಾಡ್ರಿ. ಗ್ನೂಪ್ಲಾಟ್ ಗೊತ್ತಿದ್ರ ಅದ್ರಾಗ ಹಾಕ್ರಿ, ಪೈಥಾನ್ ಬಂದ್ರ ಮ್ಯಾಟ್‌ಪ್ಲಾಟ್‌ಲಿಬ್, ಏನೂ ಇಲ್ಲಂದ್ರ ಎಕ್ಸೆಲ್ ಶೀಟ್ ಆದ್ರೂ ನಡೀತದ.

ಎರಡು ಎಚ್ಚರಿಕಿ ಇಟ್ಕೋರಿ. ‘ಕಾನ್‌ಕರೆಂಟ್ ಮಾರ್ಕ್ ಸೈಕಲ್ 812 ಎಂಎಸ್’ ಅಂತ ಸಾಲು ಬರ್ತಾವ. ಅದು ಅಪ್ಲಿಕೇಶನ್ ನಿಂತ ಹೊತ್ತಲ್ಲ, ಅದು ಓಡ್ತಿರೋವಾಗ ಪಕ್ಕದಾಗ ನಡೆದ ಕೆಲಸ. ಅದನ್ನ ಪಾಸ್ ಅಂತ ಹಾಕಿ ಗಾಬರಿ ಆದವರನ್ನ ಭಾಳ ಮಂದಿ ನೋಡೀನಿ. ಎರಡನೇದು, ನಿಂತ ಹೊತ್ತಿನ ಚಿತ್ರಕ್ಕ ಲಾಗರಿದಮ್ ಅಳತಿ ಇಡ್ರಿ. ಇಲ್ಲಂದ್ರ ಎರಡು ಸೆಕೆಂಡಿನ ಒಂದ ಚುಕ್ಕಿ ಬಂದು ಉಳಿದದ್ದೆಲ್ಲ ನೆಲಕ್ಕ ಅಂಟಿಬಿಡ್ತದ. ಸರಾಸರಿ ಅಂತೂ ತಗೀಬ್ಯಾಡ್ರಿ. ಸಾವಿರ ಸಣ್ಣವುಗಳ ನಡುವ ಒಂದು ದೊಡ್ಡದು ಸರಾಸರಿಯೊಳಗ ಕಾಣೂದಿಲ್ಲ, ಗಿರಾಕಿಗೆ ತ್ರಾಸ ಕೊಡೋದು ಆ ಒಂದ.

ಬಣ್ಣಾನೂ ಮುಖ್ಯ. ಪಾಸ್‌ನ ಬಗಿ ನೋಡಿ ಯಂಗ್‌ಗೆ ಹಸರು, ಮಿಕ್ಸ್‌ಡ್‌ಗೆ ನೀಲಿ, ರಿಮಾರ್ಕ್‌ಗೆ ಹಳದಿ, ಇಡೀ ಹೀಪ್ ಗುಡಿಸೋ ಫುಲ್‌ಗೆ ಕೆಂಪು. ಆ ಜಿಸಿ ಯಾಕ ಆತು ಅಂತ ಲಾಗ್ ಬರದಿರೋ ಕಾರಣದ ಹೆಸರನ್ನೂ ಐದನೇ ಕಾಲಂ ಮಾಡಿ ಇಟ್ಕೋರಿ, ಮುಂದ ಉಪಯೋಗಕ್ಕ ಬರ್ತದ. ಕೈಯಿಂದ ಮಾಡೋದು ಬ್ಯಾಡ ಅಂದ್ರ ಜಿಸಿವ್ಯೂವರ್ ಅಂತ ಓಪನ್ ಸೋರ್ಸ್ ಅದ, ನಿಮ್ಮ ಮಶೀನಿನ ಮ್ಯಾಲೇ ಓಡ್ತದ. ಮೈಕ್ರೋಸಾಫ್ಟ್ 2021ರಾಗ ಬಿಟ್ಟ ಜಿಸಿಟೂಲ್‌ಕಿಟ್ ಲೈಬ್ರರಿನೂ ಅದ. ಆದ್ರ ಮೊದಲ ಸಲ ಕೈಯಿಂದ ಮಾಡ್ರಿ ಅಂತ ನಾ ಹೇಳ್ತೀನಿ. ಒಂದೊಂದು ಕಾಲಂ ಏನು ಅಂತ ತಲಿಯೊಳಗ ಕೂಡ್ತದ.

ಹೊಸಚಿಗುರು · ಮಂಗಳವಾರ ಬೆಳಿಗ್ಗೆ 8:10

ನಾನು ಇಂಜಿನಿಯರಿಂಗ್ ಕೊನೆಯ ವರ್ಷದಲ್ಲಿದ್ದೇನೆ. ಒಂದು ಸಣ್ಣ ಅನುಮಾನ. ಬುಡ 1190 ಎಂಬಿ ಅಂದಿರಿ. ರಾತ್ರಿ ಯಾರೂ ಬಳಸದೇ ಇದ್ದಾಗ ಜಿಸಿ ಆಗಿ, ಮೆಮೊರಿ ಆಪರೇಟಿಂಗ್ ಸಿಸ್ಟಮ್‌ಗೆ ವಾಪಸ್ ಹೋಗಬೇಕಲ್ಲವೇ? ನನ್ನ ಪ್ರಾಜೆಕ್ಟಿನಲ್ಲಿ ಟಾಪ್ ಕಮಾಂಡ್ ಹಾಕಿದರೆ ಅಂಕಿ ಇಳಿಯುವುದೇ ಇಲ್ಲ.

ಕಾಫಿಲೋಟ · ಮಂಗಳವಾರ ಬೆಳಿಗ್ಗೆ 8:50

ಅಂಗಳದಲ್ಲಿ ಕಸ ಬೀಳದಿದ್ದರೆ ಯಾರೂ ಗುಡಿಸುವುದಿಲ್ಲ ಪುಟ್ಟ. ಹೊಸ ವಸ್ತು ಹುಟ್ಟಿ ಜಾಗ ತುಂಬಿದಾಗಲೇ ಜಿಸಿ ಏಳುತ್ತದೆ. ಗುಡಿಸಿದ ಮೇಲೂ ಜಾವಾ ಕೋಡ್ ಓಡಿಸುವ ಜೆವಿಎಂ ಆ ಜಾಗವನ್ನು ತನ್ನ ಕೈಯಲ್ಲೇ ಇಟ್ಟುಕೊಳ್ಳುತ್ತದೆ, ಮುಂದೆ ಬೇಕಾಗುತ್ತದೆ ಅಂತ. ಜಾವಾ 12ರಿಂದ ಜಿ1ಗೆ ಬಿಡುವಿದ್ದಾಗ ಮೆಮೊರಿ ವಾಪಸ್ ಕೊಡುವ ಸೌಲಭ್ಯ ಬಂತು. ಆದರೆ ಅದರ ಅವಧಿಯ ಆಯ್ಕೆ ಶುರುವಿನಲ್ಲಿ 0 ಇರುತ್ತದೆ, ಅಂದರೆ ಆಫ್. ನೀನು ಟಾಪ್‌ನಲ್ಲಿ ನೋಡುತ್ತಿರುವುದು ಜೆವಿಎಂ ಹಿಡಿದಿಟ್ಟುಕೊಂಡ ಜಾಗ. ಲಾಗಿನ ಬಾಣದ ಎರಡು ಬದಿಯ ಅಂಕಿಗಳು ಆ ಜಾಗದೊಳಗೆ ತುಂಬಿದ ಸಾಮಾನು. ಎರಡನ್ನೂ ಒಂದೇ ಅಂದುಕೊಂಡರೆ ಯಾವ ಗ್ರಾಫೂ ಅರ್ಥವಾಗುವುದಿಲ್ಲ.

ಮಳೆಗಾಲ · ಮಂಗಳವಾರ ರಾತ್ರಿ 8:30

ಎಲ್ಲರಿಗೂ ಧನ್ಯವಾದ. ಬೆಳಿಗ್ಗೆ 10ರಿಂದ 12ರವರೆಗಿನ ಲಾಗ್ ತೆಗೆದು ಚಿತ್ರ ಮಾಡಿದೆ. ಹಲ್ಲು ಚೆನ್ನಾಗಿ ಕಾಣುತ್ತಿದೆ. ಆದರೆ ಬುಡ ಸಪಾಟಾಗಿಲ್ಲ. 10 ಗಂಟೆಗೆ 1190 ಇದ್ದದ್ದು 12ಕ್ಕೆ 1810 ಆಗಿದೆ. ಒಂದೇ ಸಮನೆ ಮೇಲಕ್ಕೆ ಏರುತ್ತಿದೆ. ಲೀಕ್ ಅಂತ ಟೀಮಿಗೆ ಹೇಳಿಬಿಡಲೇ?

ಕಾಫಿಲೋಟ · ಮಂಗಳವಾರ ರಾತ್ರಿ 9:15

ಇನ್ನೂ ಹೇಳಬೇಡಿ. ಜಿಸಿ ಗ್ರಾಫ್ ಓದುವವರು ಹೆಚ್ಚಾಗಿ ಎಡವುವುದು ಇಲ್ಲೇ, ಹಾಗಾಗಿ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

ನೀವು ನೋಡಿದ ಎರಡು ಗಂಟೆಯಲ್ಲಿ ಬಹುಶಃ ಯಂಗ್ ಗುಡಿಸುವಿಕೆ ಮಾತ್ರ ಆಗಿದೆ. ಅದು ಅಂಗಳ ಗುಡಿಸುತ್ತದೆ, ಅಟ್ಟ ಮುಟ್ಟುವುದಿಲ್ಲ. ಪ್ರತಿ ಸಲವೂ ಒಂದಿಷ್ಟು ಸಾಮಾನು ಅಟ್ಟಕ್ಕೆ ಹೋಗುತ್ತದೆ. ಮೇಲೆ ಹೋದ ಮೇಲೆ ಅದರಲ್ಲಿ ಎಷ್ಟೋ ಬೇಡದ್ದಾಗುತ್ತದೆ, ಆದರೂ ಅಲ್ಲೇ ಬಿದ್ದಿರುತ್ತದೆ. ಆದ್ದರಿಂದ ಯಂಗ್ ಗುಡಿಸುವಿಕೆಯ ಬುಡ ಏರುವುದು ಸಹಜ. ಆರೋಗ್ಯವಾಗಿರುವ ಅಪ್ಲಿಕೇಶನ್‌ನಲ್ಲೂ ಏರುತ್ತದೆ.

ಅಟ್ಟ ಒಂದು ಮಟ್ಟಕ್ಕೆ ತುಂಬಿದಾಗ ಜಿ1 ಹಿನ್ನೆಲೆಯಲ್ಲಿ ಯಾವುದು ಬೇಕು, ಯಾವುದು ಬೇಡ ಅಂತ ಗುರುತು ಹಾಕಲು ಶುರು ಮಾಡುತ್ತದೆ. ಆ ಮಟ್ಟ ಆರಂಭದಲ್ಲಿ ಹೀಪಿನ 45%. ನಿಮ್ಮ 4096ರಲ್ಲಿ ಸುಮಾರು 1843 ಎಂಬಿ. ಆಮೇಲೆ ಅದು ತನ್ನ ಅನುಭವದ ಮೇಲೆ ಆ ಮಟ್ಟವನ್ನು ತಾನೇ ತಿದ್ದಿಕೊಳ್ಳುತ್ತದೆ. ಗುರುತು ಹಾಕಿ ಮುಗಿದ ಮೇಲೆ ಮಿಕ್ಸ್‌ಡ್ ಗುಡಿಸುವಿಕೆಗಳು ಸಾಲಾಗಿ ಬರುತ್ತವೆ: ಅಂಗಳ ಗುಡಿಸುವಾಗಲೇ ಅಟ್ಟದ ಹೆಚ್ಚು ಕಸ ಇರುವ ಮೂಲೆಗಳನ್ನೂ ಖಾಲಿ ಮಾಡುವುದು. ಆಗ ಬುಡ ಧಡಕ್ಕನೆ ಇಳಿಯುತ್ತದೆ.

ನೀವು 12 ಗಂಟೆಗೆ ಚಿತ್ರ ಕತ್ತರಿಸಿದಿರಿ. 1810ರಲ್ಲಿ. ಇನ್ನು ಹತ್ತು ನಿಮಿಷ ಕಾದಿದ್ದರೆ ಇಳಿಯುವುದು ಕಾಣುತ್ತಿತ್ತೋ ಏನೋ.

ಅಂದರೆ ಇಲ್ಲಿ ಎರಡು ಅಳತೆಯ ಹಲ್ಲುಗಳಿವೆ. ಸೆಕೆಂಡುಗಳ ಸಣ್ಣ ಹಲ್ಲು, ಅದರ ಬುಡಗಳು ಸೇರಿ ಆಗುವ ಗಂಟೆಗಳ ದೊಡ್ಡ ಹಲ್ಲು. ಲೀಕ್ ಇದೆಯೇ ಅನ್ನುವ ಪ್ರಶ್ನೆಗೆ ಉತ್ತರ ದೊಡ್ಡ ಹಲ್ಲಿನ ಬುಡದಲ್ಲಿದೆ. ಮಿಕ್ಸ್‌ಡ್ ಸಾಲು ಮುಗಿದಾಗಿನ ಅತಿ ಕಡಿಮೆ ಅಂಕಿಗಳನ್ನಷ್ಟೇ ಆರಿಸಿ, ಅವನ್ನು ದಿನಗಳ ಮೇಲೆ ಇಟ್ಟು ನೋಡಿ. ಕನಿಷ್ಠ ನಾಲ್ಕು ದಿನ ಬೇಕು. ಅಲ್ಲಿಯವರೆಗೆ ದಯವಿಟ್ಟು ರೀಸ್ಟಾರ್ಟ್ ಮಾಡಲು ಬಿಡಬೇಡಿ. ಲಾಗ್ ಫೈಲ್ ಪಾಡ್‌ನ (ಅಪ್ಲಿಕೇಶನ್ ಓಡುವ ಕಂಟೇನರ್) ಒಳಗೇ ಇದ್ದರೆ ಹೊರಗಿನ ವಾಲ್ಯೂಮ್‌ಗೆ ಹಾಕಿ, ಪಾಡ್ ಹೋದರೆ ಲಾಗೂ ಹೋಗುತ್ತದೆ. ಏನೂ ಹೇಳದಿದ್ದರೆ 20 ಎಂಬಿಯ ಐದು ಫೈಲು ಮಾತ್ರ ತಿರುಗಿಸಿ ಬರೆಯುತ್ತದೆ, ಅದನ್ನೂ ಹೆಚ್ಚಿಸಿ.

ದಿಬ್ಬದಮನೆ · ಮಂಗಳವಾರ ರಾತ್ರಿ 10:40

ಇಷ್ಟೆಲ್ಲ ಯಾಕೆ? ಹೀಪ್ 8 ಜಿಬಿ ಮಾಡಿ, ಜಾವಾ 21ಕ್ಕೆ ಹೋಗಿ ಜನರೇಶನಲ್ ಝಡ್‌ಜಿಸಿ ಅನ್ನುವ ಕಲೆಕ್ಟರ್ ಹಾಕಿ. ಪಾಸ್ ಮಿಲಿಸೆಕೆಂಡಿಗಿಂತ ಕೆಳಗೆ ಬರುತ್ತದೆ. ನಾಲ್ಕು ದಿನ ಗ್ರಾಫ್ ನೋಡುತ್ತ ಕೂರುವ ಹೊತ್ತಿಗೆ ಬಳಕೆದಾರರು ಬೈಯುತ್ತಿರುತ್ತಾರೆ. ನಮ್ಮಲ್ಲಿ ಹಾಗೇ ಮಾಡಿದ್ದು, ಕೆಲಸ ಆಯಿತು.

ಸಂಜೆಬಿಸಿಲು · ಬುಧವಾರ ಬೆಳಿಗ್ಗೆ 7:30

ದಿಬ್ಬದಮನೆ ಅವರೇ, ಬಳಕೆದಾರರ ಬಗ್ಗೆ ನೀವು ಹೇಳಿದ್ದು ನಿಜ. ಅವರಿಗೆ ಇವತ್ತೇ ಪರಿಹಾರ ಬೇಕು. ಆದರೆ ಕಲೆಕ್ಟರ್ ಬದಲಿಸಿದರೆ ಗುಡಿಸುವ ರೀತಿ ಬದಲಾಗುತ್ತದೆ, ಉಳಿಯುವ ಸಾಮಾನು ಕಡಿಮೆ ಆಗುವುದಿಲ್ಲ. ಬುಡ ಏರುತ್ತಿದ್ದರೆ 8 ಜಿಬಿಯೂ ಒಂದು ದಿನ ತುಂಬುತ್ತದೆ, ಐದನೇ ದಿನದ ಬದಲು ಹತ್ತನೇ ದಿನ. ಇನ್ನೂ ಒಂದು ಇದೆ. ಜಿ1ನಲ್ಲಿ 32 ಜಿಬಿಯೊಳಗಿನ ಹೀಪಿಗೆ ಆಬ್ಜೆಕ್ಟ್ ಪಾಯಿಂಟರ್‌ಗಳನ್ನು ಅರ್ಧ ಗಾತ್ರಕ್ಕೆ ಕುಗ್ಗಿಸುವ ಅನುಕೂಲ ಸಿಗುತ್ತದೆ. ಝಡ್‌ಜಿಸಿಯಲ್ಲಿ ಆ ಅನುಕೂಲ ಇಲ್ಲ, ಅದೇ ಡೇಟಾ ಹೆಚ್ಚು ಜಾಗ ಹಿಡಿಯುತ್ತದೆ. ಅದು ಒಳ್ಳೆಯ ಕಲೆಕ್ಟರ್, ನಾನೇ ಬಳಸುತ್ತೇನೆ. ಆದರೆ ಜ್ವರ ಯಾಕೆ ಬಂತು ಅಂತ ತಿಳಿಯುವ ಮುಂಚೆ ಕೊಡುವ ಔಷಧಿ ಅದಲ್ಲ.

ಮಳೆಗಾಲ ಅವರೇ, ನಿಮ್ಮ ಪಾಡ್‌ನ ಮೆಮೊರಿ ಮಿತಿ ಎಷ್ಟು? ಹೀಪ್ 4 ಜಿಬಿ ಇದ್ದು ಮಿತಿ 4.5 ಇದ್ದರೆ ಹುಷಾರು. ಥ್ರೆಡ್ ಸ್ಟ್ಯಾಕ್, ಮೆಟಾಸ್ಪೇಸ್, ಕೋಡ್ ಕ್ಯಾಶ್, ಡೈರೆಕ್ಟ್ ಬಫರ್ ಎಲ್ಲ ಹೀಪಿನ ಹೊರಗಿವೆ. ಅವುಗಳಿಂದ ಮಿತಿ ಮೀರಿ ಪಾಡ್ ಸತ್ತರೆ ಎಕ್ಸಿಟ್ ಕೋಡ್ 137 ಬರುತ್ತದೆ, ಜಿಸಿ ಲಾಗ್ ಅದರ ಬಗ್ಗೆ ಒಂದು ಸಾಲೂ ಬರೆದಿರುವುದಿಲ್ಲ. ಅದಕ್ಕೆ ನೇಟಿವ್ ಮೆಮೊರಿ ಟ್ರ್ಯಾಕಿಂಗ್ ಆನ್ ಮಾಡಬೇಕು. 5ರಿಂದ 10% ವೇಗ ಕಡಿಮೆ ಆಗಬಹುದು, ಹಾಗಾಗಿ ಬೇಕಾದಾಗ ಮಾತ್ರ.

ನಾನು ಈಗ ಹೆಚ್ಚು ಬರೆಯುವುದು ಗೋ ಭಾಷೆಯಲ್ಲಿ. ಅಲ್ಲಿ ಜಿಸಿಟ್ರೇಸ್ ಆನ್ ಮಾಡಿದರೆ ಪ್ರತಿ ಸಾಲಿನಲ್ಲೂ ಮೂರು ಅಂಕಿ ಬರುತ್ತವೆ: ಜಿಸಿ ಶುರುವಾದಾಗ ಎಷ್ಟು, ಮುಗಿದಾಗ ಎಷ್ಟು, ಅದರಲ್ಲಿ ಜೀವಂತ ಎಷ್ಟು. ಮೂರನೆಯದನ್ನು ಗೆರೆ ಎಳೆದರೆ ಸಾಕು, ಬುಡ ಸೀದಾ ಕೈಗೆ ಸಿಗುತ್ತದೆ.

ಮಳೆಗಾಲ · ಶನಿವಾರ ಮಧ್ಯಾಹ್ನ 12:20

ಪಾಡ್ ಮಿತಿ 6 ಜಿಬಿ, 137 ಒಮ್ಮೆಯೂ ಬಂದಿಲ್ಲ, ಅದನ್ನು ಬಿಟ್ಟೆ. ಮ್ಯಾನೇಜರ್ ಹತ್ತಿರ ಮಾತಾಡಿ ನಾಲ್ಕು ದಿನ ರೀಸ್ಟಾರ್ಟ್ ತಡೆದೆ. ಮಂಗಳವಾರ ರಾತ್ರಿ ಒಮ್ಮೆ ಹೊಸದಾಗಿ ಶುರು ಮಾಡಿ ಇವತ್ತಿನವರೆಗೆ.

ಕಾಫಿಲೋಟ ಮೇಡಂ ಹೇಳಿದ್ದು ಸರಿಯಾಗಿತ್ತು. ಮಂಗಳವಾರದ ನನ್ನ ಏರು ಗೆರೆ ಪೂರ್ಣ ಸುಳ್ಳು. ಲಾಗ್ ಮುಂದುವರಿಸಿ ನೋಡಿದರೆ 12:14ಕ್ಕೆ ಮಿಕ್ಸ್‌ಡ್ ಶುರುವಾಗಿ ಬುಡ 1100ಕ್ಕೆ ಇಳಿದಿತ್ತು. ಆ ದಿನ ಟೀಮಿಗೆ ಹೇಳದೆ ಇದ್ದದ್ದು ಒಳ್ಳೆಯದಾಯಿತು.

ಆದರೆ ದೊಡ್ಡ ಹಲ್ಲಿನ ಬುಡಗಳು ಹೀಗಿವೆ. ಮೊದಲ ದಿನ 620 ಎಂಬಿ, ಎರಡನೇ ದಿನ 1080, ಮೂರನೇ ದಿನ 1490, ಇವತ್ತು ಬೆಳಿಗ್ಗೆ 1870. ಇದು ಇಳಿಯುತ್ತಿಲ್ಲ. ಇವತ್ತಿನಿಂದ ಹಿನ್ನೆಲೆಯ ಗುರುತು ಹಾಕುವ ಕೆಲಸ ಒಂದು ಮುಗಿಯುತ್ತಿದ್ದಂತೆ ಇನ್ನೊಂದು ಶುರುವಾಗುತ್ತಿದೆ, ಗ್ರಾಫಿನಲ್ಲಿ ನೀಲಿ ಚುಕ್ಕೆಗಳು ಒತ್ತೊತ್ತಾಗಿವೆ.

ಇನ್ನೊಂದು ವಿಷಯ. ಜೋಳದರೊಟ್ಟಿ ಅವರ ಮಾತು ಕೇಳಿ ಕಾರಣದ ಕಾಲಂ ಇಟ್ಟಿದ್ದೆ. ಮಧ್ಯಾಹ್ನ 2:30ರಿಂದ 4ರವರೆಗೆ ‘ಜಿ1 ಹ್ಯೂಮಂಗಸ್ ಅಲೊಕೇಶನ್’ ಅನ್ನುವ ಕಾರಣ ಸಾಲುಸಾಲಾಗಿ ಬರುತ್ತದೆ. ಬೇರೆ ಹೊತ್ತಿನಲ್ಲಿ ಇಲ್ಲವೇ ಇಲ್ಲ. ನಿನ್ನೆ ಅದೇ ಹೊತ್ತಿನಲ್ಲಿ ಎರಡು ಕೆಂಪು ಚುಕ್ಕೆ: ಪಾಸ್ ಫುಲ್, 2.3 ಸೆಕೆಂಡ್ ಮತ್ತು 2.6 ಸೆಕೆಂಡ್. ದೂರು ಬಂದದ್ದೂ ಆ ನಿಮಿಷಗಳಲ್ಲೇ.

ನೀರುದೋಸೆ · ಶನಿವಾರ ಮಧ್ಯಾಹ್ನ 1:45

ಆ ಹೊತ್ತಿಗೆ ಯಾರಾದರೂ ದೊಡ್ಡ ಎಕ್ಸೆಲ್ ಡೌನ್‌ಲೋಡ್ ಮಾಡ್ತಾರಾ ನೋಡಿ ಮಾರಾಯ್ರೆ. ನಮ್ಮಲ್ಲಿ ಇದೇ ಆದದ್ದು.

ಜಿ1 ಹೀಪನ್ನು ಸುಮಾರು 2048 ತುಂಡು ಮಾಡ್ತದೆ. ನಿಮ್ಮ 4 ಜಿಬಿಗೆ ಒಂದು ತುಂಡು 2 ಎಂಬಿ. ತುಂಡಿನ ಅರ್ಧ, ಅಂದ್ರೆ 1 ಎಂಬಿ ಮುಟ್ಟಿದ ಯಾವ ಆಬ್ಜೆಕ್ಟೂ ಹ್ಯೂಮಂಗಸ್. ಅದು ಅಂಗಳಕ್ಕೆ ಬರುವುದೇ ಇಲ್ಲ, ಸೀದಾ ಅಟ್ಟದ ಲೆಕ್ಕಕ್ಕೆ ಸೇರ್ತದೆ. ಅದಕ್ಕೆ ಒಂದರ ಪಕ್ಕ ಒಂದು ಖಾಲಿ ತುಂಡುಗಳೇ ಬೇಕು. ಮಿಕ್ಕಿದ ಜಾಗ ಬೇರೆ ಯಾರಿಗೂ ಇಲ್ಲ.

ಈಗ ಅಂಥ ಫೈಲನ್ನು ಮೆಮೊರಿಯಲ್ಲೇ ಕಟ್ಟುವ ಬೈಟ್‌ಅರೇಔಟ್‌ಪುಟ್‌ಸ್ಟ್ರೀಮ್ ಎಂತ ಮಾಡ್ತದೆ ನೋಡಿ. ತುಂಬಿದಾಗಲೆಲ್ಲ ಒಳಗಿನ ಅರೇಯನ್ನು ಎರಡು ಪಟ್ಟು ಮಾಡ್ತದೆ: 1 ಎಂಬಿ, 2, 4, 8, 16, 32. ಎಲ್ಲವೂ ಹ್ಯೂಮಂಗಸ್. 2 ಎಂಬಿ ಅರೇಗೆ ಒಂದು ತುಂಡು ಸಾಕು ಅಂತ ಕಾಣ್ತದೆ, ಆದ್ರೆ ತಲೆಬರಹಕ್ಕೆ 16 ಬೈಟ್ ಉಂಟಲ್ಲ. ಆ 16 ಬೈಟಿಗೋಸ್ಕರ ಎರಡನೇ ತುಂಡು ಬೇಕು, ಅದರಲ್ಲಿ ಉಳಿದ 2 ಎಂಬಿ ಹತ್ತಿರ ವ್ಯರ್ಥ. 18 ಎಂಬಿ ಫೈಲಿಗೆ ಕೊನೆಗೆ 32 ಎಂಬಿ ಅರೇ, ಅದರ ಮೇಲೆ ಟುಬೈಟ್‌ಅರೇ ಕರೆದ್ರೆ ಇನ್ನೊಂದು 18ರ ನಕಲು. ಐದು ಜನ ಒಟ್ಟಿಗೆ ಒತ್ತಿದ್ರೆ 250 ಎಂಬಿ. ಮೊದಲ ದಿನ ಹೀಪ್ ಖಾಲಿ ಉಂಟು, ಗೊತ್ತೇ ಆಗುವುದಿಲ್ಲ. ಮೂರನೇ ದಿನಕ್ಕೆ ಅಟ್ಟ ತುಂಬಿರ್ತದೆ, ಸಾಲಾಗಿ 17 ಖಾಲಿ ತುಂಡು ಸಿಗುವುದಿಲ್ಲ, ಫುಲ್ ಜಿಸಿ ಆಗ್ತದೆ. ಎರಡು ಸಮಸ್ಯೆ ಒಂದಕ್ಕೊಂದು ಹೆಗಲು ಕೊಟ್ಟಿವೆ ಅಂತ ನನಗೆ ಕಾಣ್ತದೆ.

ಲಾಗಿನಲ್ಲಿ ‘ಹ್ಯೂಮಂಗಸ್ ರೀಜನ್ಸ್’ ಅಂತ ಮುಂಚೆ-ನಂತರದ ಸಂಖ್ಯೆ ಇರ್ತದೆ. ಅದನ್ನೂ ಒಂದು ಗೆರೆ ಮಾಡಿ ಹಲ್ಲಿನ ಕೆಳಗೆ ಇಟ್ಟು ನೋಡಿ.

ಕಾಫಿಲೋಟ · ಶನಿವಾರ ಮಧ್ಯಾಹ್ನ 3:05

ನೀರುದೋಸೆ ಅವರು ಹೇಳಿದ್ದು ಮಧ್ಯಾಹ್ನದ ಕಥೆ. ದಿನಕ್ಕೆ 400 ಎಂಬಿ ಹತ್ತಿರ ಏರುವ ಬುಡಕ್ಕೆ ಬೇರೆ ಕಾರಣ ಹುಡುಕಬೇಕು, ಅದನ್ನು ಜಿಸಿ ಲಾಗ್ ಹೇಳಲಾರದು. ಎಷ್ಟು ಉಳಿದಿದೆ ಅಂತ ಹೇಳುತ್ತದೆ, ಯಾರು ಹಿಡಿದುಕೊಂಡಿದ್ದಾರೆ ಅಂತ ಹೇಳುವುದಿಲ್ಲ. ಈಗ ಹೀಪ್ ಡಂಪ್, ಅಂದರೆ ಹೀಪಿನ ಪೂರ್ತಿ ನಕಲು ತೆಗೆಯುವ ಸಮಯ. ಬುಡ ಎತ್ತರದಲ್ಲಿರುವ ಇವತ್ತೇ ಒಳ್ಳೆಯದು.

ಜೆಸಿಎಂಡಿ ಕಮಾಂಡಿನಿಂದ ತೆಗೆದರೆ ಡಂಪಿಗೆ ಮುಂಚೆ ಅದೇ ಒಂದು ಫುಲ್ ಜಿಸಿ ಮಾಡುತ್ತದೆ, ಆಮೇಲೆ ಬರೆಯುವಷ್ಟು ಹೊತ್ತೂ ಅಪ್ಲಿಕೇಶನ್ ನಿಂತಿರುತ್ತದೆ. ರಾತ್ರಿ, ಆ ಪಾಡ್‌ಗೆ ಬರುವ ಟ್ರಾಫಿಕ್ ತಪ್ಪಿಸಿ ಮಾಡಿ. ಡಂಪಿನಲ್ಲಿ ಗ್ರಾಹಕರ ಹೆಸರು, ಫೋನ್ ನಂಬರ್ ಎಲ್ಲ ಇರುತ್ತವೆ. ಅದನ್ನು ಯಾವ ವೆಬ್‌ಸೈಟಿಗೂ ಅಪ್‌ಲೋಡ್ ಮಾಡಬೇಡಿ, ಯಾರ ಲ್ಯಾಪ್‌ಟಾಪಿಗೂ ಕಾಪಿ ಆಗಬಾರದು, ನೋಡಿದ ಮೇಲೆ ಅಳಿಸಿ. ಜಿಸಿ ಲಾಗಿನಲ್ಲಿ ಇರುವುದು ಅಂಕಿಗಳು ಮಾತ್ರ, ಡಂಪ್ ಹಾಗಲ್ಲ.

ಎಕ್ಲಿಪ್ಸ್ ಮ್ಯಾಟ್ ಅನ್ನುವ ಟೂಲಿನಲ್ಲಿ ತೆರೆದು ಡಾಮಿನೇಟರ್ ಟ್ರೀ ನೋಡಿ, ಯಾರು ಎಷ್ಟು ಮೆಮೊರಿ ಹಿಡಿದಿದ್ದಾರೆ ಅನ್ನುವುದು ಅಲ್ಲಿರುತ್ತದೆ. ಮೊದಲ ಮೂರು ಸಾಲುಗಳಲ್ಲೇ ಉತ್ತರ ಇರುವುದು ನನ್ನ ಅನುಭವ.

ಮಳೆಗಾಲ · ಭಾನುವಾರ ಬೆಳಿಗ್ಗೆ 11:10

ಸಿಕ್ಕಿತು. ಬೆಳಗಿನ ಜಾವ ಡಂಪ್ ತೆಗೆದೆವು. ಡಾಮಿನೇಟರ್ ಟ್ರೀನಲ್ಲಿ ಮೊದಲ ಸಾಲೇ ಹೈಬರ್ನೇಟ್‌ನ ಸೆಷನ್ ಫ್ಯಾಕ್ಟರಿ, ಅದರೊಳಗೆ ಕ್ವೆರಿ ಪ್ಲಾನ್ ಕ್ಯಾಶ್ (ಒಮ್ಮೆ ಬಿಡಿಸಿ ನೋಡಿದ ಕ್ವೆರಿಗಳನ್ನು ಮತ್ತೆ ಬಳಸಲು ಇಟ್ಟುಕೊಳ್ಳುವ ಜಾಗ), 1.3 ಜಿಬಿ.

ನಮ್ಮ ಕೋಡಿನಲ್ಲಿ ಪಾರ್ಸೆಲ್ ಐಡಿಗಳ ಪಟ್ಟಿ ಕೊಟ್ಟು ಹುಡುಕುವ ಕ್ವೆರಿಗಳಿವೆ, ‘ಇನ್’ ಷರತ್ತಿನವು. ಪಟ್ಟಿಯಲ್ಲಿ ಒಮ್ಮೆ 5 ಐಡಿ, ಒಮ್ಮೆ 312, ಒಮ್ಮೆ 877. ಹೈಬರ್ನೇಟ್ 5 ಪ್ರತಿ ಉದ್ದಕ್ಕೂ ಅದನ್ನು ಬೇರೆ ಕ್ವೆರಿ ಎಂದು ತಿಳಿದು, ಬೇರೆ ಪ್ಲಾನ್ ಮಾಡಿ ಇಟ್ಟುಕೊಳ್ಳುತ್ತದೆ. ಏನೂ ಹೇಳದಿದ್ದರೆ 2048 ಪ್ಲಾನ್‌ವರೆಗೆ. ಉದ್ದ ಪಟ್ಟಿಯ ಒಂದೊಂದು ಪ್ಲಾನೂ ಎಂಬಿ ಲೆಕ್ಕದಲ್ಲಿದೆ. ಅಂದರೆ ಇದು ಕೊನೆಯಿಲ್ಲದ ಲೀಕ್ ಅಲ್ಲ, ಮಿತಿ ಇರುವ ಕ್ಯಾಶ್. ಆದರೆ ಆ ಮಿತಿ ಮುಟ್ಟುವ ಮೊದಲೇ ನಮ್ಮ ಹೀಪ್ ಮುಗಿಯುತ್ತಿತ್ತು.

ಎಕ್ಸೆಲ್ ವಿಷಯವೂ ನಿಜ. ಶಾಖೆಗಳವರು ದಿನದ ಲೆಕ್ಕ ಇಳಿಸಿಕೊಳ್ಳುವುದು ಊಟ ಮುಗಿಸಿ ಬಂದ ಮೇಲೆ. ಪೂರ್ತಿ ಹಾಳೆಯನ್ನು ಮೆಮೊರಿಯಲ್ಲಿ ಕಟ್ಟಿ, ಬೈಟ್ ಅರೇ ಮಾಡಿ ಕಳಿಸುತ್ತಿದ್ದೆವು. ಆ ಕೋಡ್ ಬರೆದವನು ನಾನೇ, ಎರಡು ವರ್ಷದ ಹಿಂದೆ.

ಹೊಸಚಿಗುರು · ಭಾನುವಾರ ಮಧ್ಯಾಹ್ನ 12:00

ಪಟ್ಟಿಯ ಉದ್ದ ಬದಲಾಗದಂತೆ ಮಾಡುವುದು ಹೇಗೆ ಸರ್? ಐಡಿಗಳ ಸಂಖ್ಯೆ ನಮ್ಮ ಕೈಯಲ್ಲಿ ಇಲ್ಲವಲ್ಲ.

ಮಳೆಗಾಲ · ಭಾನುವಾರ ಮಧ್ಯಾಹ್ನ 12:25

ಹೈಬರ್ನೇಟ್‌ನಲ್ಲಿ ಅದಕ್ಕೆ ಪ್ಯಾಡಿಂಗ್ ಅನ್ನುವ ಆಯ್ಕೆ ಇದೆ. ಪಟ್ಟಿಯಲ್ಲಿ 5 ಐಡಿ ಇದ್ದರೆ ಕೊನೆಯ ಐಡಿಯನ್ನೇ ಮತ್ತೆ ಮತ್ತೆ ಸೇರಿಸಿ 8 ಮಾಡುತ್ತದೆ. 9 ಇದ್ದರೆ 16, 300 ಇದ್ದರೆ 512. ಒಂದೇ ಐಡಿ ಎರಡು ಸಲ ಇದ್ದರೆ ‘ಇನ್’ ಷರತ್ತಿನ ಉತ್ತರ ಬದಲಾಗುವುದಿಲ್ಲ. 1ರಿಂದ 1024ರವರೆಗೆ 1024 ಬಗೆಯ ಕ್ವೆರಿ ಆಗಬಹುದಾಗಿದ್ದದ್ದು 11ಕ್ಕೆ ಇಳಿಯುತ್ತದೆ. ಜೊತೆಗೆ ಕ್ಯಾಶ್ ಮಿತಿಯನ್ನೂ 2048ರಿಂದ 512ಕ್ಕೆ ತರುತ್ತಿದ್ದೇನೆ.

ಎಕ್ಸೆಲ್‌ಗೆ ಅಪಾಚೆ ಪಿಓಐ ಲೈಬ್ರರಿಯ ಸ್ಟ್ರೀಮಿಂಗ್ ಬಗೆ ಬಳಸುತ್ತೇವೆ. ಅದು 100 ಸಾಲುಗಳನ್ನು ಮಾತ್ರ ಮೆಮೊರಿಯಲ್ಲಿಟ್ಟು ಹಳೆಯವನ್ನು ಡಿಸ್ಕಿಗೆ ಬರೆಯುತ್ತದೆ. ಅಲ್ಲಿಂದ ಫೈಲನ್ನು ಸಣ್ಣ ಸಣ್ಣ ತುಂಡಾಗಿ ಕಳಿಸುತ್ತೇವೆ, ಬೈಟ್ ಅರೇ ಬೇಡ.

ದಿಬ್ಬದಮನೆ · ಭಾನುವಾರ ಸಂಜೆ 6:15

ನಾನು ಮೊನ್ನೆ ಹೀಪ್ ದೊಡ್ಡದು ಮಾಡಿ ಅಂದಿದ್ದೆ. ಇದನ್ನೆಲ್ಲ ಓದಿ ನಮ್ಮ ಸರ್ವಿಸ್‌ನ ಒಂದು ವಾರದ ಲಾಗ್ ತೆಗೆದು ನೋಡಿದೆ. ನಮ್ಮ ಬುಡವೂ ಏರುತ್ತಿದೆ, ನಿಧಾನವಾಗಿ, ದಿನಕ್ಕೆ 60 ಎಂಬಿ ಹಾಗೆ. 16 ಜಿಬಿ ಹೀಪಿನಲ್ಲಿ ಅದು ಯಾರ ಕಣ್ಣಿಗೂ ಬಿದ್ದಿರಲಿಲ್ಲ. ನಾಳೆ ಡಂಪ್ ತೆಗೆಯುತ್ತೇನೆ. ಕೆಲಸ ಆಯಿತು ಅಂದಿದ್ದ ಮಾತನ್ನು ಹಿಂದೆ ತೆಗೆದುಕೊಳ್ಳುತ್ತೇನೆ.

ಜೋಳದರೊಟ್ಟಿ · ಭಾನುವಾರ ರಾತ್ರಿ 9:30

ದಿಬ್ಬದಮನೆ ಸರ, ನಿಮ್ಮ ಚಿತ್ರದಾಗ ಒಂದು ಗಂಟೆಗೊಮ್ಮೆ ಸರಿಯಾಗಿ ಕೆಂಪು ಚುಕ್ಕಿ ಬಿದ್ದಾವೇನು ನೋಡ್ರಿ. ಹಳೇ ಸರ್ವಿಸ್‌ನ್ಯಾಗ ಆರ್‌ಎಂಐ (ಬೇರೆ ಜೆವಿಎಂನ್ಯಾಗಿನ ಆಬ್ಜೆಕ್ಟ್ ಕರೆಯೋ ಸೌಲಭ್ಯ) ಇದ್ರ ಅದು ತಾಸಿಗೊಮ್ಮೆ ತಾನ ಸಿಸ್ಟಮ್ ಜಿಸಿ ಕರೀತದ. ಕಾರಣದ ಕಾಲಂನ್ಯಾಗ ಹಂಗಂತ ಬರದಿರ್ತದ. ಗಡಿಯಾರ ಹಿಡದು ಬಂದ ಚುಕ್ಕಿಗೆ ಮೆಮೊರಿ ಕಾರಣ ಅಲ್ಲ, ಯಾರೋ ಕರದಾರ ಅಂತ ತಿಳ್ಕೋಬೇಕು. ಹಂಗಂತ ಹೇಳಿ ಆ ಕರೆಯನ್ನ ಪೂರ್ತಿ ಬಂದ್ ಮಾಡೋ ಆಯ್ಕೆ ಹಾಕಬ್ಯಾಡ್ರಿ. ಡೈರೆಕ್ಟ್ ಬಫರ್ ಮಿತಿ ಮುಟ್ಟಿದಾಗ ಜೆವಿಎಂ ಅದನ್ನ ನಂಬಿಕೊಂಡಿರ್ತದ. ಕರೆ ಬಂದ್ರ ಕಾನ್‌ಕರೆಂಟ್ ಆಗಿ ಮಾಡು ಅನ್ನೋ ಆಯ್ಕೆ ಅದ, ಅದನ್ನ ಹಾಕ್ರಿ.

ಮಳೆಗಾಲ · ಎರಡು ವಾರದ ನಂತರ, ಸೋಮವಾರ ರಾತ್ರಿ 8:50

ಹೊಸ ಬಿಲ್ಡ್ ಹೋಗಿ ಇವತ್ತಿಗೆ 9 ದಿನ. ರೀಸ್ಟಾರ್ಟ್ ಇಲ್ಲ. ದೊಡ್ಡ ಹಲ್ಲಿನ ಬುಡ ಮೊದಲ ದಿನ 610, ಮೂರನೇ ದಿನ 690, ಅಲ್ಲಿಂದ ಇವತ್ತಿನವರೆಗೆ 690ರಿಂದ 720ರ ನಡುವೆ. ಕೆಂಪು ಚುಕ್ಕೆ ಒಂದೂ ಇಲ್ಲ. ಮಧ್ಯಾಹ್ನದ ಹ್ಯೂಮಂಗಸ್ ಗೆರೆ ಸೊನ್ನೆಗೆ ಹತ್ತಿರ. ತುದಿ ಮಾತ್ರ ಈಗಲೂ 2600 ಮುಟ್ಟುತ್ತದೆ, ಡ್ಯಾಶ್‌ಬೋರ್ಡ್ ಗೆರೆ ಈಗಲೂ ಅಡ್ಡಾದಿಡ್ಡಿ ಓಡುತ್ತದೆ. ಟೀಮಿನವರಿಗೆ ಎರಡು ಚಿತ್ರ ಪಕ್ಕಪಕ್ಕ ಇಟ್ಟು ತೋರಿಸಿದೆ. ಡ್ಯಾಶ್‌ಬೋರ್ಡ್‌ಗೆ ಮೈಕ್ರೋಮೀಟರ್ ಲೈಬ್ರರಿ ಕೊಡುವ ಲೈವ್ ಡೇಟಾ ಸೈಜ್ ಅಳತೆಯನ್ನು ಬೇರೆ ಗೆರೆಯಾಗಿ ಸೇರಿಸಿದ್ದೇವೆ, ಅಲಾರಂ ಈಗ ಅದರ ಮೇಲೆ.

ಒಂದು ಉಳಿದಿದೆ. ಪ್ರತಿ ರಾತ್ರಿ 2 ಗಂಟೆ ಸುಮಾರಿಗೆ ಒಂದೇ ಒಂದು ಹಸಿರು ಚುಕ್ಕೆ ಮೇಲೆ ಹಾರುತ್ತದೆ, 700 ಮಿಲಿಸೆಕೆಂಡ್. ಸಾಮಾನ್ಯ ಯಂಗ್ ಗುಡಿಸುವಿಕೆ, ಗುಡಿಸಿದ ಕಸವೂ ಕಡಿಮೆ. ಸಿಪಿಯು ಸಾಲಿನಲ್ಲಿ ಯೂಸರ್ 0.04, ಸಿಸ್ 0.01, ರಿಯಲ್ 0.70 ಅಂತ ಇದೆ. ಮೊದಲೆರಡು ಸಿಪಿಯು ಕೆಲಸ ಮಾಡಿದ ಸೆಕೆಂಡ್, ಕೊನೆಯದು ಗಡಿಯಾರದ ಲೆಕ್ಕ.

ಜೋಳದರೊಟ್ಟಿ · ಸೋಮವಾರ ರಾತ್ರಿ 9:20

ರಿಯಲ್ ಇಷ್ಟು ಹೆಚ್ಚಿಗಿ, ಯೂಸರ್ ಇಷ್ಟು ಕಮ್ಮಿ ಅಂದ್ರ ಜಿಸಿ ಕೆಲಸಾ ಮಾಡ್ಲಿಲ್ಲ, ಕಾಯ್ಕೋತ ಕುಂತಿತ್ತು. ಮೂರ ಕಾರಣ ಇರ್ತಾವ್ರಿ. ಮೆಮೊರಿ ಸ್ವಾಪ್‌ಗೆ ಹೋಗಿರಬೇಕು, ಪಾಡ್‌ನ ಸಿಪಿಯು ಪಾಲು ಮುಗದಿರಬೇಕು, ಇಲ್ಲಾ ಡಿಸ್ಕ್ ಬಿಡುವಿಲ್ಲದ ಇರಬೇಕು. ಜಿಸಿ ನಡುವ ಲಾಗ್ ಬರೀಲಿಕ್ಕೆ ಹೋದಾಗ ಡಿಸ್ಕ್ ತಡೆದ್ರ ಅಪ್ಲಿಕೇಶನ್ ಎಲ್ಲಾ ನಿಂತಿರ್ತದ. ರಾತ್ರಿ 2ಕ್ಕ ನಿಮ್ಮ ಬ್ಯಾಕಪ್ ಓಡ್ತದೇನು? ಲಾಗ್ ವಾಲ್ಯೂಮ್ ಅದ ಡಿಸ್ಕಿನ ಮ್ಯಾಲ ಅದ ಏನು?

ಜಾವಾ 17ರಿಂದ ಲಾಗನ್ನ ಅಸಿಂಕ್ ಆಗಿ ಬರೆಸೋ ಆಯ್ಕೆ ಅದ. ಬೇರೆ ಥ್ರೆಡ್ ಬರೀತದ, ಜಿಸಿ ಕಾಯೂದಿಲ್ಲ. ಬಫರ್ ತುಂಬಿದ್ರ ಕೆಲವು ಸಾಲು ಬಿಟ್ಟು ಹೋಗಬಹುದು, ಅಷ್ಟ.

ಮಳೆಗಾಲ · ಬುಧವಾರ ಬೆಳಿಗ್ಗೆ 7:15

ಬ್ಯಾಕಪ್ ಸರಿಯಾಗಿ 1:55ಕ್ಕೆ ಶುರುವಾಗುತ್ತದೆ, ಅದೇ ಡಿಸ್ಕಿನ ಮೇಲೆ. ನಿನ್ನೆ ಸಂಜೆ ಅಸಿಂಕ್ ಹಾಕಿದೆ. ಈಗ ಎದ್ದ ಕೂಡಲೇ ಲಾಗ್ ತೆಗೆದು ಚಿತ್ರ ಮಾಡಿದೆ. 2 ಗಂಟೆಯ ಆಸುಪಾಸಿನ ಗುಡಿಸುವಿಕೆಗಳೆಲ್ಲ 40 ಮಿಲಿಸೆಕೆಂಡಿನ ಒಳಗೆ, ಉಳಿದ ಹಸಿರು ಚುಕ್ಕೆಗಳ ಸಾಲಿನಲ್ಲೇ ಇವೆ.